ಹಾಲು ಕುಡಿದ ಗಣಪ, ಸಿಹಿಯಾದ ಕಡಲು, ಹನಿಗರೆದ ಶಿಲುಬೆ: ಈ ಮೂರು ‘ಪವಾಡ’ಗಳ ಹಿಂದೆ ಇದ್ದದ್ದೇನು?

1995ರ ಸೆಪ್ಟೆಂಬರ್ 21, ಗುರುವಾರ. ಇನ್ನೂ ಬೆಳಕು ಹರಿಯುವ ಹೊತ್ತು. ದಕ್ಷಿಣ ದೆಹಲಿಯ ದೇವಸ್ಥಾನವೊಂದರಲ್ಲಿ ಭಕ್ತರೊಬ್ಬರು ಚಮಚದ ತುಂಬ ಹಾಲು ತೆಗೆದುಕೊಂಡು ಗಣಪತಿ ವಿಗ್ರಹದ ಸೊಂಡಿಲಿಗೆ ಹಿಡಿದರು. ನೋಡನೋಡುತ್ತಿದ್ದಂತೆ ಚಮಚದ ಹಾಲು ಕಡಿಮೆಯಾಯಿತು. ಮಧ್ಯಾಹ್ನದ ಹೊತ್ತಿಗೆ ದೇಶದ ದೊಡ್ಡ ಊರುಗಳ ಗಣಪತಿ ಗುಡಿಗಳ ಮುಂದೆ ಲೋಟ, ಚಮಚ ಹಿಡಿದವರ ಉದ್ದನೆಯ ಸಾಲು. ಲಂಡನ್‌ನ ಸೌತಾಲ್‌ನಿಂದಲೂ ಅದೇ ಸುದ್ದಿ ಬಂತು. ಆಗಿನ್ನೂ ಜನಸಾಮಾನ್ಯರ ಕೈಗೆ ಮೊಬೈಲ್ ಬಂದಿರಲಿಲ್ಲ, ವಾಟ್ಸಾಪ್ ಹುಟ್ಟಿರಲೇ ಇಲ್ಲ. ಆದರೂ ಫೋನ್ ಮೂಲಕ ಸುದ್ದಿ ಒಂದೇ ದಿನದಲ್ಲಿ ಲೋಕವನ್ನೆಲ್ಲ ಸುತ್ತಿ ಬಂತು. ದೆಹಲಿಯಲ್ಲಿ ಅಂದು ಹಾಲಿನ ಮಾರಾಟ ಶೇ 30ಕ್ಕೂ ಹೆಚ್ಚು ಏರಿತ್ತು.

2006ರ ಆಗಸ್ಟ್ 18ರಂದು ಮುಂಬೈನ ಮಾಹಿಮ್‌ನಲ್ಲಿ ಮತ್ತೊಂದು ಸುದ್ದಿ ಎದ್ದಿತು. ಸಮುದ್ರದ ನೀರು ಸಿಹಿಯಾಗಿದೆ, ಇದು ಮಾಹಿಮ್ ದರ್ಗಾದ ಸೂಫಿ ಸಂತ ಮಖ್ದೂಮ್ ಬಾಬಾ ಅವರ ಕೃಪೆ ಎಂದು ಜನ ಕಡಲ ತೀರಕ್ಕೆ ಮುಗಿಬಿದ್ದರು. ಬಾಟಲಿಗಳಲ್ಲಿ ನೀರು ತುಂಬಿಕೊಂಡರು, ಕೆಲವರು ಅಲ್ಲೇ ಕುಡಿದರು.

2012ರ ಮಾರ್ಚ್‌ನಲ್ಲಿ ಅದೇ ಮುಂಬೈನ ವಿಲೆಪಾರ್ಲೆಯಲ್ಲಿ, ಇರ್ಲಾ ಭಾಗದ ಚರ್ಚ್ ಒಂದರ ಬಳಿ ಶಿಲುಬೆಯ ಮೇಲಿನ ಯೇಸುವಿನ ಪಾದದಿಂದ ನೀರು ಹನಿಯತೊಡಗಿತು. ಭಕ್ತರು ಆ ನೀರನ್ನು ಸಂಗ್ರಹಿಸಿ ಮನೆಗೆ ಒಯ್ದರು.

ಮೂರು ಘಟನೆ, ಮೂರು ಧರ್ಮ. ಮೂರರಲ್ಲೂ ಜನ ಕಂಡದ್ದು ಸುಳ್ಳಲ್ಲ. ಚಮಚದ ಹಾಲು ನಿಜಕ್ಕೂ ಕಡಿಮೆಯಾಗಿತ್ತು, ಕಡಲ ನೀರಿನ ರುಚಿ ನಿಜಕ್ಕೂ ಬದಲಾಗಿತ್ತು, ಶಿಲುಬೆಯಿಂದ ನೀರು ನಿಜಕ್ಕೂ ತೊಟ್ಟಿಕ್ಕುತ್ತಿತ್ತು. ತಪ್ಪಿದ್ದು ಕಣ್ಣಲ್ಲ. ಕಂಡದ್ದಕ್ಕೆ ಕೊಟ್ಟ ಕಾರಣ ಮಾತ್ರ ತಪ್ಪಾಗಿತ್ತು. ಆ ಕಾರಣ ಅಷ್ಟು ಬೇಗ, ಅಷ್ಟು ಜನರಿಗೆ ಏಕೆ ಹೊಳೆಯಿತು ಎಂಬುದಕ್ಕೆ ಉತ್ತರ ಹುಡುಕಿದರೆ ಮನುಷ್ಯನ ಮಿದುಳು ಬೆಳೆದು ಬಂದ ದಾರಿಯೇ ತೆರೆದುಕೊಳ್ಳುತ್ತದೆ.

ಚಮಚದ ಹಾಲು ಹೋಗಿದ್ದು ಎಲ್ಲಿಗೆ?

ಒಂದು ಚಮಚಕ್ಕೆ ಅಂಚಿನವರೆಗೂ ಹಾಲು ತುಂಬಿ. ಹಾಲು ಅಂಚಿಗಿಂತ ತುಸು ಮೇಲಕ್ಕೆ ಉಬ್ಬಿ ನಿಂತರೂ ಚೆಲ್ಲುವುದಿಲ್ಲ. ದ್ರವದ ಕಣಗಳು ಒಂದನ್ನೊಂದು ಎಳೆದು ಹಿಡಿದುಕೊಂಡಿರುತ್ತವೆ. ಇದನ್ನು ಮೇಲ್ಮೈ ಎಳೆತ ಎನ್ನುತ್ತಾರೆ. ಆ ಉಬ್ಬಿಗೆ ಕಲ್ಲಿನ ಸೊಂಡಿಲು ತಾಗಿದರೆ ಹಾಲು ಕಲ್ಲಿಗೆ ಅಂಟಿಕೊಳ್ಳುತ್ತದೆ. ಕಲ್ಲು ಮೊದಲೇ ಒದ್ದೆಯಾಗಿದ್ದರಂತೂ ಇನ್ನೂ ಸುಲಭ. ಒಮ್ಮೆ ದಾರಿ ಸಿಕ್ಕ ಮೇಲೆ ಹಿಂದಿನ ಹಾಲೂ ಮುಂದಿನ ಹಾಲನ್ನು ಹಿಂಬಾಲಿಸಿ, ತೆಳುವಾದ ಪದರವಾಗಿ ವಿಗ್ರಹದ ಮೈಮೇಲೆ ಕೆಳಕ್ಕೆ ಇಳಿಯುತ್ತದೆ. ಚಮಚ ತುಸು ವಾಲಿದರೂ ಸಾಕು, ಕೆಲಸ ಬೇಗ ಮುಗಿಯುತ್ತದೆ. ಹಿಡಿದ ಕೈಗೆ ಆ ವಾಲು ಗೊತ್ತೇ ಆಗುವುದಿಲ್ಲ.

ಬಿಳಿಯ ಅಮೃತಶಿಲೆಯ ಮೇಲೆ ಬಿಳಿಯ ಹಾಲಿನ ತೆಳು ಪದರ ಕಾಣುವುದು ಕಷ್ಟ. ಅದಕ್ಕಾಗಿಯೇ ಅಂದು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವಿಜ್ಞಾನಿಗಳು ದೆಹಲಿಯ ದೇವಸ್ಥಾನಕ್ಕೆ ಹೋದಾಗ ಹಾಲಿಗೆ ಬಣ್ಣ ಬೆರೆಸಿಕೊಂಡಿದ್ದರು. ಚಮಚ ಖಾಲಿಯಾಗುತ್ತಿದ್ದಂತೆ, ಅದು ತಾಗಿದ ಜಾಗದ ಕೆಳಗೆ ವಿಗ್ರಹದ ಮೇಲೆ ಬಣ್ಣ ಇಳಿಯಿತು. ಗಣಪ ಹಾಲು ಕುಡಿದಿರಲಿಲ್ಲ, ಹಾಲು ಹರಿದುಹೋಗಿತ್ತು.

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಮನೆಯಲ್ಲಿರುವ ಹಿತ್ತಾಳೆ ಚೊಂಬನ್ನು ಒದ್ದೆ ಮಾಡಿ, ಹಾಲಿಗೆ ನಾಲ್ಕು ಹನಿ ಕಾಫಿ ಡಿಕಾಕ್ಷನ್ ಹಾಕಿ, ತುಂಬಿದ ಚಮಚವನ್ನು ಚೊಂಬಿನ ಹೊರಮೈಗೆ ತಾಗಿಸಿ ಹಿಡಿದರೆ ಚೊಂಬೂ ಹಾಲು ‘ಕುಡಿಯುತ್ತದೆ’. ಅದೇ ಚೊಂಬಿಗೆ ಎಣ್ಣೆ ಸವರಿ ನೋಡಿದರೆ ಹಾಲು ಅಷ್ಟು ಸುಲಭವಾಗಿ ಅಂಟುವುದಿಲ್ಲ.

‘ಸಿಹಿನೀರು’ ಎಂಬ ಪದ ಮಾಡಿದ ಕೆಲಸ

ಮಾಹಿಮ್‌ನ ಕಥೆಯಲ್ಲಿ ನೀರಿನ ಜೊತೆ ಭಾಷೆಯೂ ಸೇರಿಕೊಂಡಿದೆ. ಉಪ್ಪಿಲ್ಲದ ನೀರನ್ನು ಕನ್ನಡದಲ್ಲಿ ಸಿಹಿನೀರು ಎನ್ನುತ್ತೇವೆ. ಹಿಂದಿಯಲ್ಲಿ ಅದು ಮೀಠಾ ಪಾನಿ, ಮರಾಠಿಯಲ್ಲಿ ಗೋಡೆ ಪಾಣಿ. ಯಾವ ಭಾಷೆಯಲ್ಲೂ ಅದರ ಅರ್ಥ ಸಕ್ಕರೆ ನೀರು ಎಂದಲ್ಲ. ಆದರೆ ‘ಸಮುದ್ರದ ನೀರು ಸಿಹಿಯಾಗಿದೆ’ ಎಂಬ ಮಾತು ಒಬ್ಬರ ಬಾಯಿಂದ ಮತ್ತೊಬ್ಬರ ಕಿವಿಗೆ ದಾಟುವಾಗ ‘ಉಪ್ಪು ಕಡಿಮೆಯಾಗಿದೆ’ ಎಂಬ ಅರ್ಥ ಹಿಂದೆ ಉಳಿದು ‘ಸಿಹಿ’ ಮಾತ್ರ ಮುಂದೆ ಹೋಗುತ್ತದೆ. ಬಾಯಿ ಚುರ್ರೆನ್ನುವ ಉಪ್ಪನ್ನು ನಿರೀಕ್ಷಿಸಿದ ನಾಲಗೆಗೆ ಸಪ್ಪೆ ನೀರು ಸಿಕ್ಕರೆ ಅದೂ ಸಿಹಿ ಎನಿಸುತ್ತದೆ.

ಉಪ್ಪು ಕಡಿಮೆಯಾಗಿದ್ದೇಕೆ? ಅದು ಮುಂಗಾರಿನ ಆಗಸ್ಟ್. ಮಾಹಿಮ್ ಕ್ರೀಕ್‌ಗೆ ಮಿಠಿ ನದಿ ಬಂದು ಸೇರುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸಾಮಾನ್ಯವಾಗಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹಾಗಾಗಿ ಅದು ಮಳೆ ನೀರಿಗಿಂತ ಭಾರ. ಹಗುರವಾದ ಸಿಹಿನೀರು ಮೇಲೆ ತೇಲಿ ದಡದ ಉದ್ದಕ್ಕೂ ಹರಡಿಕೊಳ್ಳುತ್ತದೆ, ಎರಡೂ ಬೆರೆಯಲು ಸಮಯ ಬೇಕು. ಮಳೆ ನೀರಿನ ಒತ್ತಡಕ್ಕೆ ಬಂಡೆ ಬಿರುಕು ಬಿಟ್ಟು ನೆಲದಡಿಯ ಸಿಹಿನೀರೂ ಸಮುದ್ರ ಸೇರಿರಬಹುದು ಎಂದು ಐಐಟಿ ಬಾಂಬೆಯ ಭೂವಿಜ್ಞಾನಿಗಳು ಅಂದು ವಿವರಿಸಿದ್ದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ನೀರು ಮತ್ತೆ ಉಪ್ಪಾಗಿದೆ ಎಂದು ಅಲ್ಲಿ ಸೇರಿದ್ದವರೇ ಹೇಳಿದರು.

ಇದು ನಕ್ಕು ಬಿಡುವ ಸಂಗತಿಯಾಗಿರಲಿಲ್ಲ. ಮಾಹಿಮ್ ಕ್ರೀಕ್ ಎಂದರೆ ನಗರದ ಚರಂಡಿ ನೀರು, ಕಾರ್ಖಾನೆಗಳ ತ್ಯಾಜ್ಯ ಬಂದು ಬೀಳುವ ಜಾಗ. ಈ ನೀರು ಕುಡಿಯಬೇಡಿ ಎಂದು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಎಚ್ಚರಿಸಿತು. ವಾಂತಿಭೇದಿ ಹರಡೀತು ಎಂಬ ಭಯ ಪಾಲಿಕೆಗಿತ್ತು. ಪ್ಲಾಸ್ಟಿಕ್, ಕಸ ತೇಲುತ್ತಿದ್ದ ನೀರನ್ನೇ ಜನ ಬಾಟಲಿಗೆ ತುಂಬಿಕೊಳ್ಳುತ್ತಿದ್ದರು.

ಇದಾದ ಎರಡೇ ದಿನಕ್ಕೆ, ಆಗಸ್ಟ್ 20ರ ಸಂಜೆ, ಉತ್ತರ ಪ್ರದೇಶದ ಬರೇಲಿಯಿಂದ ಶುರುವಾಗಿ ದೇವರು ಹಾಲು ಕುಡಿದ ಸುದ್ದಿ ಮತ್ತೊಮ್ಮೆ ಹಬ್ಬಿತು. ಹನ್ನೊಂದು ವರ್ಷದ ಹಿಂದೆ ಸಿಕ್ಕಿದ್ದ ಉತ್ತರ ಅಷ್ಟರಲ್ಲಿ ಮರೆತುಹೋಗಿತ್ತು.

ಗೋಡೆ ಹತ್ತಿದ ನೀರು

ವಿಲೆಪಾರ್ಲೆಯ ಶಿಲುಬೆಯನ್ನು ಪರೀಕ್ಷಿಸಲು ವಿಚಾರವಾದಿ ಸನಲ್ ಎಡಮರುಕು ಅವರನ್ನು ಟಿವಿ ವಾಹಿನಿಯೊಂದು ಕರೆಸಿತು. ಅವರು ವಿಗ್ರಹದ ಮುಂಭಾಗಕ್ಕಿಂತ ಹಿಂಭಾಗವನ್ನು ಹೆಚ್ಚು ನೋಡಿದರು. ಹತ್ತಿರದಲ್ಲೇ ಶೌಚಾಲಯದ ಚರಂಡಿ ಕಟ್ಟಿಕೊಂಡಿತ್ತು. ಅಲ್ಲಿ ನಿಂತ ನೀರು ಗೋಡೆಗೆ ಇಳಿದು, ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ ಶಿಲುಬೆಯನ್ನು ತಲುಪುತ್ತಿತ್ತು ಎಂದು ಅವರು ವಿವರಿಸಿದರು.

ನೀರು ಮೇಲಕ್ಕೆ ಏರುವುದೇ? ಏರುತ್ತದೆ. ದೇವರ ಮನೆಯ ದೀಪದಲ್ಲಿ ಕೆಳಗಿರುವ ಎಣ್ಣೆ ಬತ್ತಿಯ ತುದಿಗೆ ಬರುವುದು ಹೀಗೆಯೇ. ಮಳೆಗಾಲದಲ್ಲಿ ನೆಲದ ತೇವ ಗೋಡೆಯ ಮೇಲೆ ಒಂದೆರಡು ಅಡಿ ಹತ್ತುವುದೂ ಹೀಗೆಯೇ. ಸಣ್ಣ ಸಂದುಗಳಲ್ಲಿ ದ್ರವ ತಾನಾಗಿ ಏರುವ ಈ ಗುಣಕ್ಕೆ ಲೋಮನಾಳ ಕ್ರಿಯೆ, ಅಂದರೆ ಕ್ಯಾಪಿಲರಿ ಆ್ಯಕ್ಷನ್ ಎಂದು ಹೆಸರು.

ಡಾರ್ವಿನ್ ಮನೆಯ ನಾಯಿ ಬೊಗಳಿದ್ದೇಕೆ?

ಹಾಲು, ನೀರಿನ ಲೆಕ್ಕ ಇಷ್ಟು ಸರಳವಾಗಿದ್ದರೆ ‘ಇದನ್ನು ಯಾರೋ ಮಾಡುತ್ತಿದ್ದಾರೆ’ ಎಂಬ ಯೋಚನೆಯೇ ನಮಗೆ ಮೊದಲು ಬರುವುದೇಕೆ? ಈ ಪ್ರಶ್ನೆ ಚಾರ್ಲ್ಸ್ ಡಾರ್ವಿನ್ ಅವರನ್ನೂ ಕಾಡಿತ್ತು.

ಮನುಷ್ಯನ ವಿಕಾಸದ ಬಗ್ಗೆ 1871ರಲ್ಲಿ ಪ್ರಕಟಿಸಿದ ‘ದಿ ಡಿಸೆಂಟ್ ಆಫ್ ಮ್ಯಾನ್’ ಕೃತಿಯಲ್ಲಿ ಅವರು ತಮ್ಮ ನಾಯಿಯ ಒಂದು ಪ್ರಸಂಗ ಹೇಳುತ್ತಾರೆ. ಬಿಸಿಲಿನ ದಿನ ನಾಯಿ ಹುಲ್ಲುಹಾಸಿನ ಮೇಲೆ ಮಲಗಿತ್ತು. ತುಸು ದೂರದಲ್ಲಿ ಬಿಚ್ಚಿಟ್ಟ ಛತ್ರಿಯೊಂದು ಆಗೀಗ ಬೀಸುವ ಗಾಳಿಗೆ ಅಲುಗುತ್ತಿತ್ತು. ಹತ್ತಿರ ಯಾರಾದರೂ ಇದ್ದಿದ್ದರೆ ನಾಯಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಯಾರೂ ಇಲ್ಲದಿದ್ದರಿಂದ, ಛತ್ರಿ ಅಲುಗಿದಾಗಲೆಲ್ಲ ಗುರುಗುಟ್ಟಿ ಬೊಗಳಿತು. ಕಾಣದ ಯಾರೋ ಅಲ್ಲಿದ್ದಾರೆ ಎಂದು ಅದು ಭಾವಿಸಿರಬೇಕು ಎಂದು ಡಾರ್ವಿನ್ ಊಹಿಸಿದರು. ಮನುಷ್ಯ ಗಾಳಿ, ಮಳೆ, ನದಿಗಳ ಹಿಂದೆ ಕಾಣದ ಶಕ್ತಿಗಳನ್ನು ಕಂಡದ್ದಕ್ಕೂ ಇಂಥದೇ ಮೂಲ ಇರಬಹುದು ಎಂಬುದು ಅವರ ತರ್ಕವಾಗಿತ್ತು.

ಈ ತರ್ಕವನ್ನು ಇಂದಿನ ಸಂಶೋಧಕರು ಮುಂದುವರಿಸಿದ್ದಾರೆ. ನಮ್ಮ ಪೂರ್ವಜರು ಹುಲ್ಲುಗಾವಲಿನಲ್ಲಿ ನಡೆಯುವಾಗ ಪಕ್ಕದ ಪೊದೆ ಅಲುಗಿತು ಎಂದುಕೊಳ್ಳಿ. ಅದು ಗಾಳಿಯೂ ಇರಬಹುದು, ಚಿರತೆಯೂ ಇರಬಹುದು. ಗಾಳಿಯನ್ನು ಚಿರತೆ ಎಂದುಕೊಂಡು ಓಡಿದರೆ ನಷ್ಟ ಸ್ವಲ್ಪವೇ, ಏದುಸಿರು ಮಾತ್ರ. ಚಿರತೆಯನ್ನು ಗಾಳಿ ಎಂದುಕೊಂಡರೆ ಪ್ರಾಣವೇ ಹೋಗುತ್ತದೆ. ಹೀಗಿರುವಾಗ ನೂರು ಸಲ ಸುಮ್ಮಸುಮ್ಮನೆ ಹೆದರಿದವನು ಬದುಕಿ ಮಕ್ಕಳನ್ನು ಪಡೆದ, ಒಂದು ಸಲ ಹೆದರದವನ ವಂಶ ಅಲ್ಲೇ ನಿಂತಿತು. ನಾವು ಹೆದರಿದವರ ಮಕ್ಕಳು.

ಇದನ್ನು ಅಮೆರಿಕದ ವೈದ್ಯ ರ್‍ಯಾಂಡಾಲ್ಫ್ ನೆಸ್ಸಿ ಹೊಗೆ ಪತ್ತೆ ಮಾಡುವ ಅಲಾರಂಗೆ ಹೋಲಿಸುತ್ತಾರೆ. ಒಗ್ಗರಣೆ ಹೊಗೆಗೂ ಅದು ಕೂಗಿಕೊಳ್ಳುತ್ತದೆ. ಕಿರಿಕಿರಿಯಾದರೂ ಅದನ್ನು ಹಾಗೆಯೇ ಇಡುತ್ತೇವೆ. ನಿಜವಾದ ಬೆಂಕಿಗೆ ಕೂಗದ ಅಲಾರಂಗಿಂತ ಇದು ವಾಸಿ. ಮೋಡದಲ್ಲಿ ಮುಖ, ಗೋಡೆಯ ಕಲೆಯಲ್ಲಿ ದೇವರ ಆಕಾರ ಕಾಣುವುದನ್ನೂ ಹಲವು ಸಂಶೋಧಕರು ಹೀಗೆಯೇ ವಿವರಿಸುತ್ತಾರೆ. 1976ರಲ್ಲಿ ನಾಸಾದ ವೈಕಿಂಗ್ 1 ನೌಕೆ ಕಳಿಸಿದ ಚಿತ್ರದಲ್ಲಿ ಮಂಗಳ ಗ್ರಹದ ಗುಡ್ಡವೊಂದು ಮನುಷ್ಯನ ಮುಖದಂತೆ ಕಂಡಿತ್ತು. ವರ್ಷಗಳ ಬಳಿಕ ಇನ್ನೂ ಸ್ಪಷ್ಟ ಚಿತ್ರ ಬಂದಾಗ ಅಲ್ಲಿದ್ದದ್ದು ಬರೀ ಗುಡ್ಡ, ನೆರಳು.

ಆದರೆ ಒಂದು ಎಚ್ಚರಿಕೆ ಬೇಕು. ನಂಬಿಕೆಗಳ ಹುಟ್ಟಿಗೆ ಇದೊಂದೇ ಕಾರಣ ಎಂದು ಎಲ್ಲ ಸಂಶೋಧಕರೂ ಒಪ್ಪುವುದಿಲ್ಲ. ಕಾಣದ ಯಾರನ್ನೋ ಊಹಿಸುವ ಗುಣದಿಂದ ನೇರವಾಗಿ ಧರ್ಮವೇ ಹುಟ್ಟಿತು ಎಂದು ಜಿಗಿಯುವುದು ಆತುರವಾಗುತ್ತದೆ. ಪವಾಡದ ಕಥೆಗೆ ಕೇಳುವ ಸಾಕ್ಷ್ಯವನ್ನು ವಿಜ್ಞಾನದ ಹೆಸರಿನ ಕಥೆಗೂ ಕೇಳಬೇಕು.

ಪಾರಿವಾಳಗಳ ‘ಹರಕೆ’

ಮಿದುಳಿಗೆ ಇನ್ನೊಂದು ಅಭ್ಯಾಸವೂ ಇದೆ. ಒಂದರ ಹಿಂದೆ ಒಂದು ನಡೆದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದು ಗಂಟು ಹಾಕುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಸಿದ ಪಾರಿವಾಳಗಳಿಗೆ ನಿಗದಿತ ಸಮಯಕ್ಕೊಮ್ಮೆ ಕಾಳು ಸಿಗುವಂತೆ ಮಾಡಲಾಗಿತ್ತು. ಅವು ಏನು ಮಾಡಿದರೂ, ಮಾಡದಿದ್ದರೂ ಕಾಳು ಬೀಳುತ್ತಿತ್ತು. ಆದರೂ ಎಂಟರಲ್ಲಿ ಆರು ಪಾರಿವಾಳಗಳು ತಮ್ಮದೇ ಆಚರಣೆಗಳನ್ನು ಕಟ್ಟಿಕೊಂಡವು. ಒಂದು ಸುತ್ತು ಹಾಕತೊಡಗಿತು, ಇನ್ನೊಂದು ಗೂಡಿನ ಮೂಲೆಗೆ ತಲೆ ಚಾಚತೊಡಗಿತು. ಕಾಳು ಬಿದ್ದಾಗ ಆಕಸ್ಮಿಕವಾಗಿ ಮಾಡುತ್ತಿದ್ದ ಕೆಲಸವನ್ನೇ ಅವು ಕಾಳಿಗೆ ಕಾರಣವೆಂಬಂತೆ ಪುನರಾವರ್ತಿಸಿದವು ಎಂದರು ಸ್ಕಿನ್ನರ್. ಊಟಕ್ಕೆ ಕಾಯುವಾಗ ಹಕ್ಕಿಗಳು ಸಹಜವಾಗಿ ತೋರುವ ವರ್ತನೆ ಅದು ಎಂದು ಮುಂದೆ ಬೇರೆ ಸಂಶೋಧಕರು ಆಕ್ಷೇಪಿಸಿದ್ದೂ ಉಂಟು. ಪಾರಿವಾಳಗಳ ವಿಷಯದಲ್ಲಿ ವಾದ ಉಳಿದಿದ್ದರೂ ನಮ್ಮ ನಡುವೆ ಉದಾಹರಣೆಗಳಿಗೆ ಕೊರತೆಯಿಲ್ಲ. ಯಾವುದೋ ಅಂಗಿ ಹಾಕಿಕೊಂಡ ದಿನ ಭಾರತ ಗೆದ್ದಿದ್ದರೆ, ಮುಂದಿನ ಪಂದ್ಯಕ್ಕೂ ಅದೇ ಅಂಗಿ ಕಪಾಟಿನಿಂದ ಹೊರಬರುತ್ತದೆ.

ಯಾವಾಗ ಈ ಅಭ್ಯಾಸ ಜೋರಾಗುತ್ತದೆ ಎಂಬುದಕ್ಕೂ ಹಳೆಯದೊಂದು ಸುಳಿವಿದೆ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳ ಮೀನುಗಾರರ ನಡುವೆ ಇದ್ದು ಅಧ್ಯಯನ ಮಾಡಿದ್ದರು. ದಡದ ಒಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಅವರಿಗೆ ಮಂತ್ರ ಬೇಕಿರಲಿಲ್ಲ, ತಮ್ಮ ಕೌಶಲವೇ ಸಾಕಾಗಿತ್ತು. ಜೀವಕ್ಕೆ ಅಪಾಯವಿದ್ದ, ಮೀನು ಸಿಗುವುದೂ ಖಾತ್ರಿಯಿಲ್ಲದ ತೆರೆದ ಕಡಲಿಗೆ ಹೊರಡುವಾಗ ಮಾತ್ರ ಮಂತ್ರ, ಆಚರಣೆ ಇರುತ್ತಿದ್ದವು. ಲಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವ ಚಾಲಕನನ್ನು ಮೂಢ ಎನ್ನುವ ಮೊದಲು ಅವನು ರಾತ್ರಿಯಿಡೀ ಓಡಿಸಬೇಕಾದ ಹೆದ್ದಾರಿಯನ್ನೂ ನೆನೆಯಬೇಕು. ಕೈಮೀರಿದ ಭಯ ಇರುವಲ್ಲಿ ಮನಸ್ಸು ಏನನ್ನಾದರೂ ಹಿಡಿದುಕೊಳ್ಳುತ್ತದೆ.

ಕುಡಿಯದ ಗಣಪ ಸುದ್ದಿಯಾಗಲಿಲ್ಲ

ಒಬ್ಬರ ಊಹೆ ಲಕ್ಷಾಂತರ ಜನರ ನಂಬಿಕೆಯಾಗಲು ಮತ್ತೂ ಒಂದು ಮೆಟ್ಟಿಲಿದೆ. 1995ರ ಆ ಸಾಲಿನಲ್ಲಿ ನಿಂತವರೆಲ್ಲರ ಚಮಚವೂ ಖಾಲಿಯಾಗಿರಲಿಕ್ಕಿಲ್ಲ. ಆದರೆ ಹಾಲು ಹೋಗದಿದ್ದರೆ ಮನುಷ್ಯ ಏನೆಂದುಕೊಳ್ಳುತ್ತಾನೆ? ತನ್ನ ಭಕ್ತಿಯಲ್ಲೇ ಕೊರತೆ ಇದ್ದಿರಬೇಕು ಎಂದು ಸುಮ್ಮನಾಗುತ್ತಾನೆ. ‘ಕುಡಿಯಿತು’ ಎಂದವರು ಊರಿಗೆಲ್ಲ ಫೋನ್ ಮಾಡುತ್ತಾರೆ, ‘ಕುಡಿಯಲಿಲ್ಲ’ ಎಂದು ಹೇಳಲು ಎಸ್‌ಟಿಡಿ ಬೂತ್‌ಗೆ ಯಾರೂ ಹೋಗುವುದಿಲ್ಲ. ಹೀಗೆ ಹೌದು ಎಂಬ ಸಾಕ್ಷಿಗಳು ಮಾತ್ರ ಒಂದೆಡೆ ಸೇರುತ್ತವೆ. ಇಂದು ಬೂತ್ ಹೋಗಿ ಫಾರ್ವರ್ಡ್ ಬಂದಿದೆ, ಲೆಕ್ಕ ಬದಲಾಗಿಲ್ಲ.

ಪ್ರಶ್ನೆಗೆ ತೆತ್ತ ಬೆಲೆ

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯ 1976ರಲ್ಲೇ ಪವಾಡಗಳು ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿದ್ದರು. ಪವಾಡಗಳನ್ನು ಪರೀಕ್ಷೆಗೆ ಒಳಪಡಿಸುವಂತೆ ಕೋರಿ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಅದೇ 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿಯು ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ನಾಗರಿಕರ ಮೂಲಭೂತ ಕರ್ತವ್ಯಗಳ ಪಟ್ಟಿಗೆ ಸೇರಿಸಿತು. ವಿಧಿ 51ಎ(ಎಚ್) ಹೇಳುವುದು ಇದನ್ನೇ.

ಆದರೆ ಕರ್ತವ್ಯ ಮಾಡಿದವರ ಪಾಲಿಗೆ ಬಂದದ್ದು ಬೇರೆ. ವಿಲೆಪಾರ್ಲೆಯ ಚರಂಡಿ ತೋರಿಸಿದ ಸನಲ್ ಎಡಮರುಕು ವಿರುದ್ಧ ಧಾರ್ಮಿಕ ಭಾವನೆಗೆ ಧಕ್ಕೆ ತಂದ ಆರೋಪದಲ್ಲಿ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 295ಎ ಅಡಿ ದೂರು ದಾಖಲಾಯಿತು. 2012ರಲ್ಲೇ ಅವರು ದೇಶ ಬಿಟ್ಟು ಫಿನ್ಲೆಂಡ್‌ಗೆ ಹೋದರು. ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಕಟ್ಟಿದ್ದ ಡಾ. ನರೇಂದ್ರ ದಾಭೋಲ್ಕರ್ 2013ರ ಆಗಸ್ಟ್ 20ರಂದು ಪುಣೆಯಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೋಗಿದ್ದಾಗ ಗುಂಡಿಗೆ ಬಲಿಯಾದರು. ಈ ಪ್ರಕರಣದಲ್ಲಿ ಪುಣೆಯ ನ್ಯಾಯಾಲಯ 2024ರ ಮೇ ತಿಂಗಳಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿ, ಮೂವರನ್ನು ಖುಲಾಸೆ ಮಾಡಿತು.

ದಾಭೋಲ್ಕರ್ ವರ್ಷಗಟ್ಟಲೆ ಒತ್ತಾಯಿಸಿದ್ದ ಕಾನೂನು ಅವರ ಹತ್ಯೆಯ ಬಳಿಕ, 2013ರಲ್ಲೇ ಮಹಾರಾಷ್ಟ್ರದಲ್ಲಿ ಬಂತು. ಕರ್ನಾಟಕವೂ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ ಮಾಡಿತು. ಹಾವು ಕಚ್ಚಿದವರಿಗೆ ಆಸ್ಪತ್ರೆಯ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕಿಸುವುದು ಈಗ ಅಪರಾಧ. ಪೂಜೆ, ಪ್ರಾರ್ಥನೆ, ಯಾತ್ರೆಗೆ ಈ ಕಾನೂನುಗಳು ಅಡ್ಡ ಬರುವುದಿಲ್ಲ. ನಂಬಿಕೆಯ ಹೆಸರಿನಲ್ಲಿ ಇನ್ನೊಬ್ಬರಿಗೆ ಹಾನಿಯಾಗುವಲ್ಲಿ ಗೆರೆ ಎಳೆಯುತ್ತವೆ.

ಕಾನೂನು ಅಪರಾಧ ತಡೆಯಬಹುದು, ಪ್ರಶ್ನೆ ಕೇಳುವುದನ್ನು ಕಲಿಸಲಾರದು. ಅದು ಶಾಲೆಯ ಕೆಲಸ. ಪಠ್ಯ ಹಗುರಗೊಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸವಾದದ ಭಾಗವನ್ನು ಕೈಬಿಟ್ಟಾಗ, 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ವಿರೋಧಿಸಿದರು. 12ನೇ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಉಳಿದಿದೆ. ಆದರೆ 10ರ ನಂತರ ಜೀವಶಾಸ್ತ್ರ ಓದದ ಮಕ್ಕಳಿಗೆ ಅದು ಸಿಗುವುದಿಲ್ಲ. ತನ್ನ ಮಿದುಳು ಏಕೆ ಪೊದೆಯಲ್ಲಿ ಚಿರತೆ ಕಾಣುತ್ತದೆ ಎಂದು ತಿಳಿಯಲು ಮಗುವಿಗೆ ಬೇಕಿರುವುದು ಅದೇ ಪಾಠ.

ಮುಂದಿನ ವಿಡಿಯೊ ಬಂದಾಗ

ಮತ್ತೊಂದು ಪವಾಡದ ವಿಡಿಯೊ ಮನೆಯವರ ಗ್ರೂಪ್‌ಗೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಬಹುದು.

ನಡೆದದ್ದೇನು, ಹೇಳುತ್ತಿರುವುದೇನು? ‘ಚಮಚದ ಹಾಲು ಕಡಿಮೆಯಾಯಿತು’ ಎಂಬುದು ಕಂಡದ್ದು. ‘ಗಣಪ ಕುಡಿದ’ ಎಂಬುದು ವಿವರಣೆ. ಎರಡನ್ನೂ ಬೇರೆಯಾಗಿ ನೋಡಬೇಕು.

ಕಡಿಮೆಯಾದದ್ದು ಹೋಯಿತೆಲ್ಲಿಗೆ, ಹೆಚ್ಚಾದದ್ದು ಬಂತೆಲ್ಲಿಂದ? ವಿಗ್ರಹದ ಕೆಳಗೆ, ಗೋಡೆಯ ಹಿಂದೆ, ಹತ್ತಿರದ ನಲ್ಲಿ, ಚರಂಡಿ, ನದಿಯ ಕಡೆ ಒಮ್ಮೆ ಕಣ್ಣು ಹಾಯಿಸಬೇಕು.

ಬೇರೆ ವಸ್ತುವಿನಿಂದಲೂ ಹೀಗಾಗುತ್ತದೆಯೇ? ಚೊಂಬೂ ಹಾಲು ಕುಡಿದರೆ ಕಾರಣ ಹಾಲಿನಲ್ಲಿದೆ, ವಿಗ್ರಹದಲ್ಲಿ ಅಲ್ಲ.

ಆಗಲಿಲ್ಲ ಎಂದವರು ಎಲ್ಲಿದ್ದಾರೆ? ಅವರ ವಿಡಿಯೊ ಯಾರೂ ಕಳಿಸಿರುವುದಿಲ್ಲ, ಹುಡುಕಿ ಕೇಳಬೇಕು.

ಈ ಪ್ರಶ್ನೆಗಳನ್ನು ಕೇಳಿದವರು ದೇವರನ್ನು ನಂಬಬಾರದು ಎಂದೇನಿಲ್ಲ. ದೀಪ ಹಚ್ಚುವವರಿಗೂ ಎಣ್ಣೆ ಬತ್ತಿಯಲ್ಲಿ ಏರುವುದೇಕೆ ಎಂದು ತಿಳಿದಿರಬಹುದು, ಅದರಿಂದ ದೀಪದ ಬೆಳಕೇನೂ ಕುಂದುವುದಿಲ್ಲ. ಆದರೆ ಮಾಹಿಮ್‌ನ ದಡದಲ್ಲಿ ಅಂದು ಒಬ್ಬರು ಇನ್ನೊಬ್ಬರ ಕೈ ಹಿಡಿದು ‘ಕುಡಿಯುವ ಮೊದಲು ಈ ನೀರು ಎಲ್ಲಿಂದ ಬಂತು ಎಂದು ನೋಡೋಣ’ ಎಂದಿದ್ದರೆ, ಆ ಬಾಟಲಿ ಮನೆಯ ಮಕ್ಕಳವರೆಗೆ ತಲುಪುತ್ತಿರಲಿಲ್ಲ.